ತೊಗರಿ ಸೋಡಿ

ಭೂಮಿ ಏನನ್ನೂ ಮರೆಯುವುದಿಲ್ಲ ಎಂದು ತಾಜುದ್ದೀನ್ ಪಟೇಲರು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ತಮ್ಮ ಕನ್ನಡಕ ಎಲ್ಲಿಟ್ಟೆ ಎಂದು ಮೇಜಿನ ಮೇಲೆಲ್ಲ ತಡಕಾಡುತ್ತಿದ್ದರು. ಅರವತ್ತರ ಹತ್ತಿರ ಬಂದಿದ್ದ ಆ ಭೂವಿಜ್ಞಾನಿ ಕಾಗಿಣಾ ಹೊಳೆಯ ಸೀಮೆಯ ಪಟ್ಟಣವೊಂದರಲ್ಲಿದ್ದ ಕಾವಲು ಕೋಣೆಯ ಮುಖ್ಯಸ್ಥರು. ಕಾವಲು ಯಾವುದರದು ಎಂದರೆ, ನೆಲದೊಳಗೆ ಹೂತಿಟ್ಟ ಹೊಗೆಯದು.

ಆ ಕಾಲಕ್ಕೆ ಕಲ್ಲಿದ್ದಲು ಸುಡುವುದು ಇನ್ನೂ ನಿಂತಿರಲಿಲ್ಲ. ಸುಟ್ಟದ್ದನ್ನು ಆಕಾಶಕ್ಕೆ ಬಿಡುವುದು ಮಾತ್ರ ನಿಂತಿತ್ತು. ವಿದ್ಯುತ್ ಸ್ಥಾವರದ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು, ನೀರಿನಷ್ಟು ದಟ್ಟವಾಗುವಂತೆ ಒತ್ತಿ, ನೆಲದಾಳದ ಮರಳುಗಲ್ಲಿನ ಸಂದುಗಳಿಗೆ ತುಂಬುತ್ತಿದ್ದರು. ಮರಳುಗಲ್ಲಿನ ಮೇಲೆ ಮುಚ್ಚಳದ ಹಾಗೆ ಜೇಡಿಗಲ್ಲು, ಅದರ ಮೇಲೆ ನೂರಾರು ಅಡಿ ಸುಣ್ಣದ ಕಲ್ಲು, ಅದರ ಮೇಲೆ ಎರೆಮಣ್ಣು, ಎರೆಮಣ್ಣಿನ ಮೇಲೆ ನಲವತ್ತು ಹಳ್ಳಿ. ಯೋಜನೆಗೆ ಉದ್ದನೆಯ ಹೆಸರೊಂದು ಇತ್ತು. ಹಳ್ಳಿಯವರು ಅದನ್ನು ‘ಹೊಗಿ ಹೂಳೋ ಕಂಪನಿ’ ಎಂದು ಕರೆದು ಕೈತೊಳೆದುಕೊಂಡಿದ್ದರು.

ಹೂತದ್ದು ಮೇಲೆ ಬಂದರೆ ಗೊತ್ತಾಗುವುದು ಹೇಗೆ? ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸಾಮಾನ್ಯ ಗಾಳಿಗಿಂತ ಭಾರ. ತಗ್ಗು ಸಿಕ್ಕಲ್ಲಿ ನೀರಿನ ಹಾಗೆ ನಿಂತುಕೊಳ್ಳುತ್ತದೆ, ಅದರೊಳಗೆ ಮುಳುಗಿದವರಿಗೆ ಮುಳುಗಿದ್ದೇ ತಿಳಿಯುವುದಿಲ್ಲ. ಹಳ್ಳಿಗೊಂದರಂತೆ ನಲವತ್ತು ಕೊಳವೆಬಾವಿಗಳಲ್ಲಿ ಯಂತ್ರ ಇಳಿಬಿಟ್ಟು, ಮಣ್ಣಿನ ಉಸಿರನ್ನು ಗಂಟೆಗೊಮ್ಮೆ ಪರೀಕ್ಷಿಸುವ ಕೆಲಸ ಮಹಾನಂದಾಳದು. ಮೂವತ್ತಾರರ ಮಹಾನಂದಾ ಅಲ್ಲಿ ಎಂಟು ವರ್ಷದಿಂದ ಇದ್ದಳು, ಅಂದರೆ ಯೋಜನೆಗಾಗಿ ಮೊದಲ ತೂತು ಕೊರೆದ ದಿನದಿಂದ.

ಅವಳ ಯಂತ್ರ ನೋಡುತ್ತಿದ್ದುದು ಇಂಗಾಲದ ಜಾತಕವನ್ನು. ಇಂಗಾಲದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಹಗುರದ್ದು, ಒಂದು ಪಾಲು ತುಸು ಭಾರದ್ದು. ಹನ್ನೆರಡು, ಹದಿಮೂರು ಎಂದು ಅವುಗಳ ಹೆಸರು. ಗಿಡಮರಗಳು ಗಾಳಿಯನ್ನು ಉಣ್ಣುವಾಗ ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಹಗುರದ್ದನ್ನೇ ಹೆಚ್ಚು ಆರಿಸುತ್ತವೆ. ಕಲ್ಲಿದ್ದಲೆಂದರೆ ಇಪ್ಪತ್ತೈದು ಕೋಟಿ ವರ್ಷ ಹಿಂದಿನ ಕಾಡು. ಆ ಕಾಡು ಆರಿಸಿ ಉಂಡದ್ದು ಇವತ್ತಿಗೂ ಅದರಲ್ಲಿ ಹಾಗೇ ಉಳಿದಿದೆ. ಭಾರದ ಇಂಗಾಲ ಎಷ್ಟು ಕಡಿಮೆ ಬಿದ್ದಿದೆ ಎಂದು ಯಂತ್ರ ಒಂದು ಅಂಕಿ ಕೊಡುತ್ತಿತ್ತು. ಕಲ್ಲಿದ್ದಲಿನ ಹೊಗೆಗೆ ಅದು ಮೈನಸ್ ಇಪ್ಪತ್ತೈದು. ಬಾವಿಯಲ್ಲಿ ಆ ಗಾಳಿ ಎಷ್ಟಿದೆ ಎಂಬುದು ಮಳೆ, ಬಿಸಿಲು, ಬೇರುಗಳಿಗೆ ತಕ್ಕಂತೆ ದಿನಾ ಏರಿಳಿಯುತ್ತಿದ್ದುದರಿಂದ ಗಂಟೆ ಬಾರಿಸುವ ಹೊಣೆಯನ್ನು ಈ ಅಂಕಿಗೇ ಒಪ್ಪಿಸಿದ್ದರು.

ಕಷ್ಟವೆಂದರೆ, ಆ ಸೀಮೆ ತೊಗರಿಯ ಸೀಮೆ. ತೊಗರಿಯೂ ಹಗುರದ್ದನ್ನೇ ಆರಿಸುವ ಪೈರು. ಅದರ ಬೇರು ಬಿಟ್ಟ ಉಸಿರು ಮೈನಸ್ ಇಪ್ಪತ್ತಾರು, ಕಲ್ಲಿದ್ದಲಿಗೆ ಅವಳಿಜವಳಿ. ಜೋಳ ಅಷ್ಟು ನಾಜೂಕಿನದಲ್ಲ, ಸಿಕ್ಕಿದ್ದನ್ನು ಉಣ್ಣುತ್ತದೆ, ಅದರದು ಮೈನಸ್ ಹನ್ನೆರಡು. ಮೊದಲ ವರ್ಷ ತೊಗರಿ ಹೂ ಬಿಡುವ ಹೊತ್ತಿಗೆ ಹದಿನಾಲ್ಕು ಹಳ್ಳಿಗಳಲ್ಲಿ ಸೈರನ್ ಹೊಡೆದುಕೊಂಡು, ಜನ ಮಕ್ಕಳು ಮರಿ ಕಟ್ಟಿಕೊಂಡು ಓಡಿ, ಏನೂ ಇಲ್ಲವೆಂದು ತಿಳಿದ ಮೇಲೆ ಕಾವಲು ಕೋಣೆಗೆ ಬಂದು ಬಾಯಿಗೆ ಬಂದಂತೆ ಬೈದು ಹೋಗಿದ್ದರು. ಆಗ ಮಹಾನಂದಾಳೇ ಒಂದು ಉಪಾಯ ಮಾಡಿದಳು. ಪಹಣಿಯಲ್ಲಿ ತೊಗರಿ ಎಂದು ನಮೂದಾದ ಹೊಲಗಳ ಪಟ್ಟಿ ಮಾಡಿ, ಆ ಊರುಗಳ ಅಂಕಿಯಿಂದ ತೊಗರಿಯ ಪಾಲನ್ನು ಯಂತ್ರವೇ ಕಳೆಯುವಂತೆ ಬರೆದಳು. ತೊಗರಿಗೆ ಕೊಟ್ಟ ರಿಯಾಯಿತಿ ಎಂಬ ಅರ್ಥದಲ್ಲಿ ಕಾವಲು ಕೋಣೆಯಲ್ಲಿ ಅದಕ್ಕೆ ತೊಗರಿ ಸೋಡಿ ಎಂದು ಹೆಸರಾಯಿತು. ಅಲ್ಲಿಂದ ಏಳು ವರ್ಷ ಒಂದು ಸೈರನ್ನೂ ಸುಮ್ಮಸುಮ್ಮನೆ ಕೂಗಿರಲಿಲ್ಲ. ಉಪಾಯ ಮಾಡಿದ ವರ್ಷ ಅವಳಿಗೆ ಉತ್ತಮ ನೌಕರರ ಬಹುಮಾನವೆಂದು ಒಂದು ಗೋಡೆ ಗಡಿಯಾರ ಕೊಟ್ಟಿದ್ದರು.

ಎಳ್ಳಮಾವಾಸ್ಯೆಯ ದಿನ ಆ ಸೀಮೆಯಲ್ಲಿ ಮನೆಯೊಳಗೆ ಉಣ್ಣುವವರಿಲ್ಲ. ಊರಿಗೆ ಊರೇ ಬಜ್ಜಿ, ಸಜ್ಜಿ ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಪೈರಿಗೆಲ್ಲ ಎಡೆಯನ್ನು ಎರಚಿ ಚರಗ ಚೆಲ್ಲಿ, ನೆಲದ ಮೇಲೆ ಕೂತು ಉಣ್ಣುತ್ತದೆ. ಮಹಾನಂದಾಳ ಅತ್ತೆ ಚಂದಮ್ಮ ಅವತ್ತು ಬೆಳಕು ಹರಿಯುವ ಮುಂಚೆಯೇ ಎದ್ದು ಅಡುಗೆ ಮುಗಿಸಿ, ಏಳು ವರ್ಷದ ಮೊಮ್ಮಗಳು ನೀಲಾಂಬಿಕೆಯನ್ನು ಕರೆದುಕೊಂಡು ಮದರಿಹಾಳದಲ್ಲಿದ್ದ ತಮ್ಮ ಅಣ್ಣ ಬಸಲಿಂಗಪ್ಪನ ತಗ್ಗಿನ ಹೊಲಕ್ಕೆ ಹೊರಟಿದ್ದರು. ಮಹಾನಂದಾಳ ಗಂಡ ಸಿದ್ರಾಮ ಸೋಲಾಪುರದ ಕಡೆ ಲಾರಿಯ ಮೇಲೆ ಹೋಗಿದ್ದ. ಸೊಸೆಗೆ ರಜೆ ಸಿಕ್ಕಿರಲಿಲ್ಲ.

“ವರ್ಷಕ್ಕೊಂದು ಹಬ್ಬ, ಅದಕ್ಕೂ ಆ ಡಬ್ಬಿ ಮುಂದ ಕೂಡೂದೇನು?” ಎಂದು ಚಂದಮ್ಮ ಬುತ್ತಿ ಕಟ್ಟಿಕೊಡುತ್ತ ಗೊಣಗಿದ್ದರು.

“ಎಲ್ಲಾರೂ ರಜಾ ಹಾಕ್ಯಾರ್ರಿ ಅತ್ತಿ. ಯಾರರೆ ಒಬ್ಬರು ಬೇಕಲ್ಲ.”

“ಆಯ್ತು, ಬಜ್ಜಿ ಆರಿ ಹೋಗೂದ್ರೊಳಗ ಉಣ್ಣು.”

ಹತ್ತೂವರೆಯ ಹೊತ್ತಿಗೆ ಕಾವಲು ಕೋಣೆಯ ಕಟ್ಟಡದಲ್ಲಿ ಅವಳೂ ಪಟೇಲರೂ ಇಬ್ಬರೇ ಇದ್ದರು. ಎದುರಿನ ಗೋಡೆಯ ನಕ್ಷೆಯಲ್ಲಿ ನಲವತ್ತೂ ದೀಪ ಹಸಿರಾಗಿದ್ದವು. ಹೊರಗೆ ಚಳಿ ಇನ್ನೂ ಬಿಟ್ಟಿರಲಿಲ್ಲ, ತಗ್ಗುಗಳಲ್ಲಿ ಮಂಜು ಆರಿರಲಿಲ್ಲ. ಮಹಾನಂದಾ ಬುತ್ತಿ ಬಿಚ್ಚುವಷ್ಟರಲ್ಲಿ ಫೋನು ಮಿನುಗಿತು, ತೆರೆಯ ತುಂಬ ಮಗಳ ಮುಖ.

“ಅವ್ವಾ, ನೋಡು ನಾ ಎಲ್ಲಿ ಅದೀನಿ!” ಎಂದು ನೀಲು ಫೋನನ್ನು ಸುತ್ತ ತಿರುಗಿಸಿದಳು.

ಐದು ಕಲ್ಲು, ಕುಂಕುಮ, ಬುಟ್ಟಿಯ ಮೇಲೆ ಮುಚ್ಚಿದ ಬಿಳಿ ಬಟ್ಟೆ, ಆಚೆ ಬಸಲಿಂಗಪ್ಪನ ಎತ್ತುಗಳು. ಅದರ ಹಿಂದೆ ಆಳೆತ್ತರ ಬೆಳೆದ ಜೋಳ. ಮಹಾನಂದಾ ಮೊದಲು ಬರೀ ನಕ್ಕಳು. ಆಮೇಲೆ ಬುತ್ತಿಯನ್ನು ಪಕ್ಕಕ್ಕೆ ಸರಿಸಿದಳು.

“ನೀಲೂ, ಆಯಿ ಕೈಯಾಗ ಕೊಡು. ಅತ್ತಿ, ಅಲ್ಲಿ ತೊಗರಿ ಎಲ್ಲದ?”

“ತೊಗರಿ? ಯಾವ ಲೋಕದಾಗ ಅದೀಯೇ?” ಚಂದಮ್ಮ ನಕ್ಕರು. “ಹೋದ ವರ್ಷ ನೆಟೆ ರೋಗ ಬಿದ್ದು ಊರ ತೊಗರಿ ಎಲ್ಲ ನಿಂತಲ್ಲೇ ಒಣಗಿ ಹೋತು. ಈ ಸಲ ಮದರಿಹಾಳದಾಗ ಒಬ್ಬರೂ ಒಂದು ಕಾಳು ಹಾಕಿಲ್ಲ. ಹಳ್ಳದ ತನಕ ಬರೀ ಬಿಳಿಜ್ವಾಳ.”

ಮಹಾನಂದಾ ನಕ್ಷೆಯ ಕಡೆ ನೋಡಿದಳು. ಮದರಿಹಾಳ ಹಸಿರಾಗಿತ್ತು. ಸೋಡಿ ಕಳೆಯುವ ಮುಂಚಿನ ಅಂಕಿಯನ್ನು ತೆರೆಗೆ ತಂದಳು. ಮೈನಸ್ ಇಪ್ಪತ್ತೈದು. ಮೂರು ವಾರದಿಂದ ಅದೇ ಅಂಕಿ. ಜೋಳದ ಹೊಲದಲ್ಲಿ ಹನ್ನೆರಡರ ಆಸುಪಾಸು ಇರಬೇಕಾದ ಅಂಕಿ. ಯಂತ್ರ ಏಳು ವರ್ಷ ಹಿಂದಿನ ಪಹಣಿ ನಂಬಿಕೊಂಡು, ಇಲ್ಲದ ತೊಗರಿಯನ್ನು ಗಂಟೆಗೊಮ್ಮೆ ನಿಷ್ಠೆಯಿಂದ ಕಳೆಯುತ್ತ ಬಂದಿತ್ತು. ಪಟ್ಟಿಯನ್ನು ವರ್ಷವರ್ಷ ಹೊಸದು ಮಾಡಬೇಕೆಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ತೊಗರಿಯ ಸೀಮೆಯಲ್ಲಿ ತೊಗರಿ ಇರದೇ ಹೋದೀತೆಂದು ಯಾರು ಅಂದುಕೊಂಡಾರು?

ಅವಳು ಮತ್ತೆ ಫೋನಿನ ಕಡೆ ತಿರುಗಿದಳು.

“ನಿನ್ನ ತೊಗರಿ ಹಾಳಾಗ್ಲಿ,” ಚಂದಮ್ಮ ಮಾತು ಮುಂದುವರಿಸಿದ್ದರು. “ಇಲ್ಲಿ ದೀಪನೇ ನಿಂದರವಲ್ದು ನೋಡು. ಮೂರು ಸಲ ಹಚ್ಚಿದೆ. ಎಣ್ಣಿ ಅದ, ಬತ್ತಿ ಅದ, ಹಚ್ಚಿ ಕೆಳಗ ಇಟ್ಟ ಕೂಡ್ಲೆ ಆರಿ ಹೋಗ್ತದ.”

“ಗಾಳಿ ಅದ ಏನ್ರಿ?”

“ಗಾಳಿ ಎಲ್ಲಿ? ಒಂದು ಎಲಿ ಅಲುಗವಲ್ದು.”

“ನೀಲು ಎಲ್ಲದಾಳ?”

“ಇಲ್ಲೇ ಕೆಳಗ ಕುಂತಾಳ. ತಲಿ ಭಾರ ಆಗ್ಯಾದ ಅಂತಾಳ. ಹಸಿವಿಗಿ ಇರಬೇಕು.”

“ಅತ್ತಿ, ಆಕಿನ್ನ ಎತ್ಕೊಳ್ರಿ! ಎತ್ಕೊಂಡು ಕಾಲುವಿ ಏರಿ ಮ್ಯಾಲ ಹೋಗ್ರಿ. ಎಲ್ಲಾರೂ ಹೋಗ್ರಿ!”

“ಏನು ಹುಚ್ಚು ಹಿಡಿದದೇನು? ಇನ್ನಾ ಚರಗ ಚೆಲ್ಲಿಲ್ಲ. ಎಡಿ ಬಿಟ್ಟು ಎದ್ದು ಹೋಗ್ತಾರೇನು?”

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮಹಾನಂದಾ ಅತ್ತೆಯ ಎದುರು ದನಿ ಎತ್ತಿರಲಿಲ್ಲ. ಈಗ ಎತ್ತಿದ ದನಿಗೆ ಪಕ್ಕದ ಕೋಣೆಯಿಂದ ಪಟೇಲರು ಕನ್ನಡಕವಿಲ್ಲದೆ ಓಡಿಬಂದರು.

“ಚರಗಕ್ಕ ಬೆಂಕಿ ಹಚ್ರಿ! ಅಲ್ಲಿ ಉಸಿರಿಲ್ಲ! ನನ್ನ ಮಗಳು ಸಾಯ್ತಾಳ, ಓಡ್ರಿ!”

ಮಾತು ಅರ್ಥವಾಗಿತ್ತೋ ಇಲ್ಲವೋ, ಚಂದಮ್ಮ ಆ ದನಿಗೇ ಹೆದರಿದರು. ಫೋನಿನಲ್ಲಿ ಆಕಾಶ ಕಂಡಿತು, ಸೀರೆಯ ಅಂಚು ಕಂಡಿತು, ಮಗು ಅಳುವ ಸದ್ದು ಬಂತು, ಕರೆ ಕಡಿದುಹೋಯಿತು. ಮಹಾನಂದಾ ಸೋಡಿಯನ್ನು ಅಳಿಸಿದಳು. ಮದರಿಹಾಳದ ದೀಪ ಕೆಂಪಾಯಿತು. ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ ಸೈರನ್ ಕೂಗತೊಡಗಿದ್ದು ಇಲ್ಲಿಗೆ ಕೇಳಿಸುವಂತಿರಲಿಲ್ಲ.

ಇಬ್ಬರೂ ಮದರಿಹಾಳಕ್ಕೆ ಹೊರಟ ಜೀಪಿನಲ್ಲಿ ಆಮ್ಲಜನಕದ ಎರಡು ಸಿಲಿಂಡರ್ ಇದ್ದವು. ದಾರಿಯುದ್ದಕ್ಕೂ ಪಟೇಲರು ಒಂದೇ ಮಾತು ಆಡಿದರು.

“ಬಿಳಿ ಎಳಿ,” ಎಂದರು.

ಅವಳೂ ಅದನ್ನೇ ನೆನೆಯುತ್ತಿದ್ದಳು. ಎಂಟು ವರ್ಷದ ಹಿಂದೆ ಮದರಿಹಾಳದಲ್ಲಿ ಕೊರೆದು ತೆಗೆದ ಕಲ್ಲಿನ ಕಂಬದಲ್ಲಿ, ಮುಚ್ಚಳವೆಂದು ನಂಬಿದ್ದ ಜೇಡಿಗಲ್ಲಿನ ನಡುವೆ ಕೂದಲೆಳೆಯಂಥ ಬಿಳಿ ಸುಣ್ಣದ ಗೆರೆಗಳಿದ್ದವು. ಅವನ್ನು ಕೆರೆದು ಪರೀಕ್ಷಿಸಿದವಳು ಅವಳೇ. ಅಂಕಿ ಬಹಳ ಹಗುರ ಬಂದಿತ್ತು. ಕಲ್ಲಾದ ಸಮುದ್ರದ ಸುಣ್ಣ ಅಷ್ಟು ಹಗುರ ಇರುವುದಿಲ್ಲ. ಆಳದ ಕೊಳೆತ ಜೀವರಾಶಿಯ ಗಾಳಿ ಯಾವುದೋ ಕಾಲದಲ್ಲಿ ಆ ಬಿರುಕಿನಲ್ಲಿ ಮೇಲೆದ್ದು ಬಂದು, ಬಿರುಕನ್ನು ಸುಣ್ಣದಿಂದ ಹೊಲಿದು ಹೋಗಿದ್ದರೆ ಮಾತ್ರ ಹಾಗೆ ಆಗಬೇಕು. ಮುಚ್ಚಳ ಹಿಂದೊಮ್ಮೆ ಒಡೆದಿತ್ತು ಎಂದು ಭೂಮಿ ತಾನೇ ಬರೆದಿಟ್ಟ ಚೀಟಿ ಅದು. ಕೊರೆಯುವ ಯಂತ್ರದ ಎಣ್ಣೆ ತಾಗಿರಬೇಕೆಂದು ಪಟೇಲರು ಹೇಳಿದ್ದರು. ಅವಳು ತಲೆಯಾಡಿಸಿ ಆ ಸಾಲನ್ನು ವರದಿಯಿಂದ ತೆಗೆದಿದ್ದಳು. ಕೆಲಸಕ್ಕೆ ಸೇರಿ ಆಗ ಎರಡು ತಿಂಗಳಾಗಿತ್ತು.

ಮದರಿಹಾಳದ ಜನ ಕಾಲುವೆಯ ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಮಹಾನಂದಾ ಜೀಪು ನಿಲ್ಲುವ ಮುಂಚೆಯೇ ಇಳಿದು, ಸಾಲಿನಲ್ಲಿ ಮುಖ ಮುಖ ನೋಡುತ್ತ ಓಡಿದಳು. ಕೊನೆಯಲ್ಲಿ ಚಂದಮ್ಮ ನೀಲುವನ್ನು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದರು. ಹುಡುಗಿ ವಾಂತಿ ಮಾಡಿಕೊಂಡಿದ್ದಳು. ಅವ್ವನನ್ನು ಕಂಡು ಅಳತೊಡಗಿದಳು. ಮಹಾನಂದಾ ಮಣ್ಣಿನ ಮೇಲೆ ಕೂತು ಸೆರಗಿನಿಂದ ಅವಳ ಬಾಯಿ ಒರೆಸಿದಳು.

“ಅಣ್ಣ ಎತ್ತು ಬಿಚ್ಚಲಿಕ್ಕ ಹೋದ,” ಎಂದರು ಚಂದಮ್ಮ. ಅವರ ಕಣ್ಣು ಕೆಳಗಿನ ತಗ್ಗಿನ ಮೇಲೇ ಇತ್ತು. “ಬ್ಯಾಡ ಅಂದೆ. ಮೂಕ ಪ್ರಾಣಿ ಕಟ್ಟಿ ಬಿಟ್ಟು ಹ್ಯಾಂಗ ಬರಲಿ ಅಂದ. ಒಂದರ ಹಗ್ಗ ಬಿಚ್ಚಿದ. ಇನ್ನೊಂದರ ಹತ್ತಿರ ಕುಂತ. ಕುಂತಾವ ಏಳಲಿಲ್ಲ.”

ತಗ್ಗಿನಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಎತ್ತುಗಳು ಮಲಗಿದ್ದವು, ಅವುಗಳ ನಡುವೆ ಕೆಂಪು ರುಮಾಲು ಸುತ್ತಿದ ಬಸಲಿಂಗಪ್ಪ ಮಲಗಿದ್ದ. ಪಟೇಲರು ಮುಖಕ್ಕೆ ಆಮ್ಲಜನಕದ ಮುಸುಕು ಕಟ್ಟಿಕೊಂಡು, ಸೊಂಟದ ಹಗ್ಗವನ್ನು ಊರಿನ ಇಬ್ಬರ ಕೈಗೆ ಕೊಟ್ಟು ಇಳಿದರು. ಹೆಣವನ್ನು ಮೇಲೆ ತಂದಾಗ ಅವರು ಮುಸುಕಿನೊಳಗೆ ಅಳುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

ಅವತ್ತು ಮಧ್ಯಾಹ್ನವೇ ಹೊಗೆ ತುಂಬುವ ಪಂಪುಗಳನ್ನು ನಿಲ್ಲಿಸಿದರು. ಮದರಿಹಾಳದ ಆರುನೂರು ಜನರನ್ನು ಪಟ್ಟಣದ ಪ್ರೌಢಶಾಲೆಯಲ್ಲಿ ಇಳಿಸಿದರು. ಚಂದಮ್ಮ ಪಟ್ಟಣದ ಮನೆಗೆ ಬರಲು ಒಪ್ಪದೆ ತವರಿನವರ ಜೊತೆ ಅಲ್ಲೇ ಉಳಿದರು, ಮೊಮ್ಮಗಳೂ ಆಯಿಯ ಸೆರಗು ಬಿಡಲಿಲ್ಲ. ಮಹಾನಂದಾ ಎಲ್ಲವನ್ನೂ ಬರೆದುಕೊಟ್ಟಳು, ಸೋಡಿಯದನ್ನೂ, ಬಿಳಿ ಎಳೆಯದನ್ನೂ. ವಿಚಾರಣೆ ನಡೆಯುವುದಿತ್ತು, ಆದರೆ ಯಂತ್ರ ಓದಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಒತ್ತಡ ಇಳಿದಂತೆ ಸೋರಿಕೆ ತಾನಾಗಿ ನಿಲ್ಲುತ್ತದೆ, ಅಂಕಿ ಇಪ್ಪತ್ತೈದರಿಂದ ಹನ್ನೆರಡಕ್ಕೆ ಬಂದರೆ ಅದು ಬರೀ ಜೋಳದ ಉಸಿರು, ಆಗ ಜನ ಮನೆಗೆ ಮರಳಬಹುದು ಎಂದು ಮೇಲಿನವರು ತೀರ್ಮಾನಿಸಿದರು.

ಅಂಕಿ ಇಳಿಯತೊಡಗಿತು. ಎರಡನೆಯ ದಿನ ಮೈನಸ್ ಇಪ್ಪತ್ತೊಂದು. ಮೂರನೆಯ ದಿನ ಹದಿನೇಳು. ಐದನೆಯ ದಿನ ಬೆಳಗ್ಗೆ ಹನ್ನೆರಡು ಆಯಿತು, ಮದರಿಹಾಳದ ದೀಪ ತಾನಾಗಿ ಹಸಿರಾಯಿತು. ಕಚೇರಿಯವರು ಚಪ್ಪಾಳೆ ತಟ್ಟಿದರು. ಮರುದಿನ ಮಧ್ಯಾಹ್ನ ಬಸ್ಸುಗಳನ್ನು ಕಳಿಸುವ ಆದೇಶ ಹೊರಟಿತು.

ಆರನೆಯ ದಿನ ಬೆಳಗ್ಗೆ ಅಂಕಿ ಮೈನಸ್ ಎಂಟು.

ಮಹಾನಂದಾ ಯಂತ್ರ ಕೆಟ್ಟಿದೆಯೆಂದು ಅಂದುಕೊಂಡಳು, ಕೆಟ್ಟಿರಲಿ ಎಂದು ಬೇಡಿಕೊಂಡಳು. ಬಾವಿಯ ಗಾಳಿಯನ್ನು ಸೀಸೆಯಲ್ಲಿ ತರಿಸಿ ಬೇರೆ ಯಂತ್ರಕ್ಕೆ ಹಾಕಿದಳು. ಅಲ್ಲಿ ಮೈನಸ್ ಏಳು. ಅದೇ ಗಾಳಿ ಎಷ್ಟಿದೆ ಎಂಬ ಲೆಕ್ಕವನ್ನು, ಯಾರೂ ನೋಡದೆ ಬಿಟ್ಟಿದ್ದ ಲೆಕ್ಕವನ್ನು, ತೆರೆಗೆ ತಂದಳು. ಅದು ಕಡಿಮೆಯಾಗಿರಲಿಲ್ಲ. ಎರಡು ಪಟ್ಟಾಗಿತ್ತು.

“ಸರ, ಜ್ವಾಳ ಎಂಟಕ್ಕ ಬರ್ತದೇನ್ರಿ?”

ಪಟೇಲರು ಅಂಕಿಯನ್ನೂ ಲೆಕ್ಕವನ್ನೂ ನೋಡಿದರು.

“ಬರೂದಿಲ್ಲ,” ಎಂದರು. “ಯಾವ ಗಿಡನೂ ಬರೂದಿಲ್ಲ.”

ಆ ಸೀಮೆಯ ಸುಣ್ಣದ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳ. ನೆಲದ ಮೇಲೆ ಒಂದು ಗರಿಕೆಯೂ ಹುಟ್ಟಿರದ ಕಾಲದ ಸಮುದ್ರ, ಯಾರೂ ಆರಿಸಿ ಉಣ್ಣದೆ ಉಳಿದ ಇಂಗಾಲ. ಅದರ ಅಂಕಿ ಸೊನ್ನೆಯ ಹತ್ತಿರ. ಎಂಟು ವರ್ಷ ಹೂತ ಹೊಗೆಯಲ್ಲಿ ಗಂಧಕ ತುಸು ಉಳಿದಿತ್ತು, ಪೂರ್ತಿ ತೊಳೆಯಲು ಖರ್ಚು ಹೆಚ್ಚೆಂದು ಬಿಟ್ಟದ್ದು. ಆಳದ ನೀರಿಗೆ ಸೇರಿ ಅದು ಆಮ್ಲವಾಗಿತ್ತು, ಬಿರುಕು ಹತ್ತಿ ಮೇಲೆ ಬಂದು ಸುಣ್ಣದ ಕಲ್ಲನ್ನು ತಲುಪಿತ್ತು. ಸುಣ್ಣದ ಮೇಲೆ ನಿಂಬೆರಸ ಬಿದ್ದಂತೆ ಕಲ್ಲು ನೊರೆಯುತ್ತಿತ್ತು. ಈಗ ಬರುತ್ತಿದ್ದುದರಲ್ಲಿ ಹೆಚ್ಚಿನದು ಮನುಷ್ಯರು ಹೂತ ಹೊಗೆಯಲ್ಲ, ಕಲ್ಲಿನ ಸ್ವಂತ ಉಸಿರು. ನಿನ್ನೆಯ ಹನ್ನೆರಡು ಜೋಳದ್ದಲ್ಲ, ಇವೆರಡೂ ಬೆರೆತದ್ದು. ಯಂತ್ರಕ್ಕೆ ಕಲಿಸಿದ್ದು ಒಂದೇ ಪ್ರಶ್ನೆ, ಇದು ಕಲ್ಲಿದ್ದಲೋ ಅಲ್ಲವೋ ಎಂಬುದು. ಅಲ್ಲ ಎಂದು ಅದು ಸತ್ಯವನ್ನೇ ಹೇಳಿ ಹಸಿರು ದೀಪ ಹಚ್ಚಿತ್ತು.

“ಪಂಪು ನಿಂತದಲ್ಲ,” ಪಟೇಲರು ತಮಗೇ ಹೇಳಿಕೊಂಡರು. “ಆಮ್ಲ ಮುಗಿದ ಮ್ಯಾಲ ಇದೂ ನಿಲ್ತದ.”

“ಎಂಟು ವರ್ಷ ತುಂಬಿದ್ದು ಯಾವಾಗ ಮುಗೀತದ್ರಿ?”

ಅವರು ತೆರೆಯಲ್ಲಿ ಉಳಿದ ಊರುಗಳ ಪಟ್ಟಿ ತೆರೆದರು. ಬೇರೆ ಮೂರು ಊರುಗಳ ಹೆಸರನ್ನು ಬೆರಳಿಟ್ಟು ತೋರಿಸಿದರು. ಮೂರೂ ಹಸಿರಾಗಿದ್ದವು, ಮೂರರ ಅಂಕಿಯೂ ಹತ್ತನ್ನು ದಾಟಿ ಸೊನ್ನೆಯ ಕಡೆಗೆ ಸರಿದಿತ್ತು. ಮೂರನೆಯದು ಪಟ್ಟಣದ ಹೊರವಲಯದ ಹಳ್ಳಿ. ಪಟೇಲರು ಫೋನು ಎತ್ತಿಕೊಂಡು ಮೇಲಿನವರನ್ನು ಕರೆಯತೊಡಗಿದರು, ಮಹಾನಂದಾ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದಳು.

ಶಾಲೆಯ ಅಂಗಳದಲ್ಲಿ ಬಸ್ಸುಗಳು ಬಂದು ನಿಂತಿದ್ದವು. ಜನ ಗಂಟು ಕಟ್ಟುತ್ತಿದ್ದರು. ಆರು ದಿನದಲ್ಲಿ ಮೊದಲ ಸಲ ಅಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ಎಂಟನೆಯ ತರಗತಿಯ ಕೋಣೆಯಲ್ಲಿ ಚಂದಮ್ಮ ಕೌದಿ ಮಡಿಸುತ್ತಿದ್ದರು.

“ಬಂದೇನು? ಛಲೋ ಆತು. ಅಣ್ಣನ ದಿನಕರ್ಮ ಅವನ ಮನ್ಯಾಗೇ ಮಾಡಬಹುದು ಈಗ,” ಎಂದರು. “ಹಸಿರು ದೀಪ ಬಂದದಂತ, ಹೌದಿಲ್ಲೋ?”

“ಬಂದದ್ರಿ.”

“ಮತ್ತ ಹಂಗ್ಯಾಕ ನಿಂತೀ?”

“ಅತ್ತಿ, ಮದರಿಹಾಳಕ್ಕ ಯಾರೂ ಹೋಗಬಾರದು. ಈ ಊರಾಗೂ ಇರಬಾರದು.”

ಚಂದಮ್ಮ ಈ ಸಲ ಹುಚ್ಚು ಹಿಡಿದಿದೆಯೇ ಎಂದು ಕೇಳಲಿಲ್ಲ. ಮಡಿಸಿದ ಕೌದಿಯನ್ನು ಎದೆಗೆ ಒತ್ತಿಕೊಂಡರು.

“ಎಲ್ಲಿ ತನಕ ಹೋಗಬೇಕು?”

“ಈ ಕಲ್ಲು ಮುಗಿಯೂ ತನಕ.”

ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದರು. ಕೋಣೆಯ ನೆಲಕ್ಕೆ ಆ ಸೀಮೆಯ ಎಲ್ಲ ಮನೆಗಳಿಗೂ ಹಾಸುವ ಬೂದು ಬಣ್ಣದ ಅದೇ ಸುಣ್ಣದ ಕಲ್ಲು ಹಾಸಿದ್ದರು. ಅದರ ಮೇಲೆ, ತಂಪಿಗೆ ಕೆನ್ನೆಯೊತ್ತಿ, ನೀಲು ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಮಹಾನಂದಾ ಬಗ್ಗಿ ಅವಳನ್ನು ಬಾಚಿ ಎತ್ತಿಕೊಂಡಳು. ಏಳು ವರ್ಷದ ಹುಡುಗಿ, ಭಾರವಾಗಿದ್ದಳು, ಕಾಲುಗಳು ಅವ್ವನ ಮೊಣಕಾಲಿನವರೆಗೆ ಜೋಲುತ್ತಿದ್ದವು.

“ಇಳಸವ್ವಾ, ನಾ ನಡೀತೀನಿ,” ಎಂದಳು ಎಚ್ಚರಾಗಿ.

ಮಹಾನಂದಾ ಇಳಿಸಲಿಲ್ಲ. ಮಗಳನ್ನು ಹೊತ್ತುಕೊಂಡೇ ಕೋಣೆಯಿಂದ ಕೋಣೆಗೆ ಹೋಗಿ, ಮಲಗಿದ್ದವರನ್ನೆಲ್ಲ ಎಬ್ಬಿಸತೊಡಗಿದಳು.